ಉಣ್ಣದ ದಿನವೂ ಸೂಜಿ ಏಕೆ?

ಸುರಪುರದ ಓದುಗರೊಬ್ಬರು ಶ್ರಾವಣದಲ್ಲಿ ಕೇಳಿದ ಪ್ರಶ್ನೆ ಇದು: "ಮಗಳಿಗೆ ಟೈಪ್ 1 ಶುಗರ್ ಐತ್ರಿ, ದಿನಕ್ಕ ನಾಕು ಸೂಜಿ. ಸೋಮವಾರ ಉಪಾಸ ಇರ್ತೀನಿ ಅಂತಾಳ. ಉಣ್ಣದಿದ್ದ ಮ್ಯಾಲ ಸಕ್ರಿ ಎಲ್ಲಿಂದ ಬರ್ತದ್ರಿ? ಆ ದಿನ ಸೂಜಿ ಬಿಟ್ರ ಆಗಲ್ಲೇನ್ರಿ?"

ಆಗುವುದಿಲ್ಲ. ಊಟಕ್ಕೆಂದೇ ತೆಗೆದುಕೊಳ್ಳುವ ಮೂರು ಸೂಜಿಗಳು ಊಟವಿಲ್ಲದಿದ್ದರೆ ಬೇಡ. ನಾಲ್ಕನೆಯದು, ರಾತ್ರಿ ಮಲಗುವಾಗಿನ ಸೂಜಿ, ಅದನ್ನು ಬಿಡುವಂತಿಲ್ಲ. ಅದರ ಪ್ರಮಾಣ ಆ ದಿನ ತುಸು ಇಳಿಸಬೇಕೇ, ಅವಳು ಉಪವಾಸ ಮಾಡಬಹುದೇ ಎಂಬುದನ್ನು ಅವಳ ವೈದ್ಯರು ಹೇಳಬೇಕು. ಆದರೆ ತಂದೆಯ ಪ್ರಶ್ನೆ ಬಹಳ ಒಳ್ಳೆಯದು. ಉಣ್ಣದವಳಿಗೆ ಸಕ್ಕರೆ ಎಲ್ಲಿಂದ ಬರುತ್ತದೆ?

ಲಿವರಿನಿಂದ. ಇದನ್ನು ಹೇಳಲು ಆ ಭಾಗದವರಿಗೆ ನಾರಾಯಣಪುರದ ಬಸವಸಾಗರಕ್ಕಿಂತ ಹತ್ತಿರದ ಹೋಲಿಕೆ ನನಗೆ ಸಿಕ್ಕಿಲ್ಲ. ಸುರಪುರ, ಶಹಾಪುರದ ಹೊಲಗಳಲ್ಲಿ ಹನಿ ಮಳೆ ಬೀಳದಿದ್ದರೂ ಎಡದಂಡೆ ಕಾಲುವೆಯಲ್ಲಿ ನೀರು ಬರುತ್ತದೆ, ಮೇಲೆ ಕೃಷ್ಣೆಗೆ ಅಣೆಕಟ್ಟು ಇರುವುದರಿಂದ. ನಮ್ಮ ಮೈಯಲ್ಲಿ ಲಿವರ್ ಆ ಅಣೆಕಟ್ಟು, ರಕ್ತನಾಳ ಕಾಲುವೆ, ಸ್ನಾಯುಗಳು ಹೊಲ, ಊಟ ಮಳೆ. 60 ಕಿಲೋ ತೂಕದ ಆರೋಗ್ಯವಂತರ ಲಿವರ್ ರಾತ್ರಿ ಮಲಗಿದ್ದಾಗಲೂ ಗಂಟೆಗೆ ಸುಮಾರು 7 ಗ್ರಾಂ ಸಕ್ಕರೆ ಬಿಡುತ್ತದೆ. ಅಷ್ಟೇನಾ ಅನ್ನಬೇಡಿ. ಇಡೀ ರಕ್ತದಲ್ಲಿ ಒಂದು ಹೊತ್ತಿನಲ್ಲಿ ಇರುವುದೇ ಸುಮಾರು 5 ಗ್ರಾಂ, ಒಂದು ಚಹಾ ಚಮಚದಷ್ಟು.

ಅಣೆಕಟ್ಟಿನ ಗೇಟು ಎಷ್ಟು ತೆರೆದಿರಬೇಕು ಎಂದು ಹೇಳುವುದು ಹಿನ್ನೆಲೆಯ ಇನ್ಸುಲಿನ್, ಅಂದರೆ ರಾತ್ರಿಯ ಸೂಜಿ. ಅದು ಇಲ್ಲದಿದ್ದರೆ ಹೇಳುವವರಿಲ್ಲದೆ ಗೇಟು ಪೂರ್ತಿ ತೆರೆದುಕೊಳ್ಳುತ್ತದೆ. ಮೈಯಲ್ಲಿನ ಕೊಬ್ಬು ಕರಗಿ ಕೀಟೋನ್ ಎಂಬ ಆಮ್ಲಗಳು ರಕ್ತದಲ್ಲಿ ತುಂಬುತ್ತವೆ. ಊಟದ ಜೊತೆ ಸೂಜಿಯನ್ನೂ ಬಿಟ್ಟ ಟೈಪ್ 1ರ ಮಕ್ಕಳು ಒಂದೆರಡು ದಿನದಲ್ಲೇ ವಾಂತಿ, ಏದುಸಿರು ಎಂದು ಆಸ್ಪತ್ರೆ ಸೇರುವುದು ಹೀಗೆ.

ಊಟದ ಇನ್ಸುಲಿನ್ ಮಾಡುವ ಕೆಲಸ ಮುಖ್ಯವಾಗಿ ಹೊಲದ ತೂಬು ತೆರೆಯುವುದು. ಮಳೆ ಬಿದ್ದು ಕಾಲುವೆ ಉಕ್ಕುವ ಮೊದಲೇ ನೀರು ಹೊಲಕ್ಕೆ ಇಳಿಯಬೇಕು. ಹೊಸ ಬಗೆಯದು ಕಾಲು ಗಂಟೆಯಲ್ಲಿ ಕೆಲಸ ಶುರುಮಾಡಿ ನಾಲ್ಕೈದು ಗಂಟೆಯಲ್ಲಿ ಮುಗಿಸುತ್ತದೆ.

ಎಲ್ಲರೂ ಎಡವುವ ಜಾಗ ಇಲ್ಲಿದೆ. ಊಟವಾದ ಮೇಲೆ ಶುಗರ್ 280 ಬಂತೆಂದು ರಾತ್ರಿಯ ಸೂಜಿಯನ್ನು ಎರಡೆರಡು ಯೂನಿಟ್ ಏರಿಸುತ್ತಾ ಹೋಗುತ್ತಾರೆ. ಇಲ್ಲಿ ಮಳೆ ಜೋರಾಯಿತೆಂದು ಅಲ್ಲಿ ಅಣೆಕಟ್ಟಿನ ಗೇಟು ಇಳಿಸಿದ ಹಾಗೆ ಇದು. ಮಳೆ ನಿಂತ ಮೇಲೆ, ನಡುರಾತ್ರಿ, ಕಾಲುವೆ ಬತ್ತುತ್ತದೆ. ಬತ್ತಿದಾಗ ಮೊದಲು ಒಣಗುವುದು ಕಾಲುವೆಯ ಕೊನೆಭಾಗದ ರೈತನ ಹೊಲ, ಇದು ಆ ಸೀಮೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮೈಯಲ್ಲಿ ಆ ಕೊನೆಭಾಗದ ರೈತ ಮಿದುಳು. ಬೆವರು, ನಡುಕ, ತೊದಲು, ಕೊನೆಗೆ ಪ್ರಜ್ಞೆ ತಪ್ಪುವುದು.

ಹಿನ್ನೆಲೆಯ ಪ್ರಮಾಣ ಸರಿಯಿದೆಯೇ ಎಂದು ತಿಳಿಯಲು ಊಟದ ನಂತರದ ಅಂಕಿ ನೋಡಬಾರದು. ಮಲಗುವಾಗಿನದು, ಎದ್ದಾಗಿನದು, ಇವೆರಡನ್ನು ನೋಡಬೇಕು. 140ಕ್ಕೆ ಮಲಗಿ 130ಕ್ಕೆ ಎದ್ದರೆ ಗೇಟು ಸರಿಯಾಗಿದೆ. 180ಕ್ಕೆ ಮಲಗಿ 80ಕ್ಕೆ ಎದ್ದರೆ, ಬೆಳಗಿನ ಅಂಕಿ ಎಷ್ಟೇ ಚೆನ್ನಾಗಿ ಕಂಡರೂ, ಗೇಟು ಅತಿಯಾಗಿ ಇಳಿದಿದೆ.

ಚರಿತ್ರೆಯಲ್ಲಿ ಮೊದಲು ಬಂದದ್ದು ಊಟದ ಇನ್ಸುಲಿನ್. 1922ರ ಜನವರಿ 11ರಂದು ಟೊರಾಂಟೊದಲ್ಲಿ 14 ವರ್ಷದ ಲಿಯೊನಾರ್ಡ್ ಥಾಂಪ್ಸನ್‌ಗೆ ಬ್ಯಾಂಟಿಂಗ್, ಬೆಸ್ಟ್ ಅವರ ಇನ್ಸುಲಿನ್ ಕೊಟ್ಟರು. ಅದು ಕೆಲವೇ ಗಂಟೆ ಉಳಿಯುತ್ತಿತ್ತು, ಹಾಗಾಗಿ ಸೂಜಿ ಮೇಲೆ ಸೂಜಿ. 1936ರಲ್ಲಿ ಡೆನ್ಮಾರ್ಕಿನ ಹ್ಯಾಗೆಡಾರ್ನ್ ಮಾಡಿದ್ದು ನನಗೆ ಇಂದಿಗೂ ಬೆರಗು: ಟ್ರೌಟ್ ಮೀನಿನ ವೀರ್ಯದಿಂದ ತೆಗೆದ ಪ್ರೋಟಮಿನ್ ಎಂಬ ಪ್ರೋಟೀನಿಗೆ ಇನ್ಸುಲಿನ್ನನ್ನು ಅಂಟಿಸಿದರು. ಚರ್ಮದಡಿ ಅದು ನಿಧಾನವಾಗಿ ಬಿಡಿಸಿಕೊಂಡು ರಕ್ತಕ್ಕೆ ಸೇರಿತು. ಹಿನ್ನೆಲೆಯ ಇನ್ಸುಲಿನ್ ಹುಟ್ಟಿದ್ದು ಹಾಗೆ. ಇವತ್ತಿಗೂ ಅಂಗೈಗಳ ನಡುವೆ ಹೊರಳಿಸಿ ಬಳಸುವ ಹಾಲುಬಣ್ಣದ ಎನ್‌ಪಿಎಚ್ ಸೀಸೆಯ ಕೊನೆಯ ಅಕ್ಷರ ಹ್ಯಾಗೆಡಾರ್ನ್ ಅವರದೇ. 2000ದಲ್ಲಿ ಬಂದ ಗ್ಲಾರ್ಜಿನ್ ಇನ್ನೂ ಚತುರ. ಸೀಸೆಯೊಳಗಿನ ಹುಳಿ ದ್ರವದಲ್ಲಿ ಕರಗಿರುತ್ತದೆ, ಚರ್ಮದಡಿ ಹುಳಿ ಹೋದೊಡನೆ ಸಣ್ಣ ಹರಳಾಗಿ ಕೂತು ಸುಮಾರು ಒಂದು ದಿನ ಜಿನುಗುತ್ತದೆ. ಬೆಂಗಳೂರಿನ ಬಯೋಕಾನ್ ಮಾಡಿದ ಗ್ಲಾರ್ಜಿನ್ 2021ರಲ್ಲಿ ಅಮೆರಿಕದಲ್ಲಿ, ಮೂಲ ಔಷಧಿಯ ಬದಲು ನೇರವಾಗಿ ಕೊಡಬಹುದಾದ ಮೊದಲ ಇನ್ಸುಲಿನ್ ಎಂದು ಒಪ್ಪಿಗೆ ಪಡೆಯಿತು.

30/70 ಎಂಬ ಮಿಶ್ರಣದ ಸೂಜಿ ತೆಗೆದುಕೊಳ್ಳುವವರಿಗೆ ಮೇಲಿನ ಉಪವಾಸದ ಮಾತು ಹೊಂದುವುದಿಲ್ಲ. ಅದರಲ್ಲಿ ಗೇಟಿನದೂ ತೂಬಿನದೂ ಒಂದೇ ಸೀಸೆಯಲ್ಲಿ ಕೂಡಿವೆ, ಒಂದನ್ನು ಬಿಟ್ಟು ಇನ್ನೊಂದನ್ನು ಕೊಡಲಾಗದು. ಹಾಗೆಯೇ 'ವಾರಕ್ಕೊಂದೇ ಇನ್ಸುಲಿನ್' ಎಂಬ ಸುದ್ದಿ ಓದಿ ಹಿಗ್ಗುವವರಿಗೂ ಒಂದು ಮಾತು. ಯುರೋಪಿನಲ್ಲಿ 2024ರಲ್ಲಿ ಒಪ್ಪಿಗೆ ಪಡೆದ ಐಕೊಡೆಕ್ ಹಿನ್ನೆಲೆಯದು ಮಾತ್ರ. ಊಟದ ಸೂಜಿ ಬೇಕಾದವರಿಗೆ ಆ ಸೂಜಿಗಳು ಆಮೇಲೂ ಬೇಕೇ ಬೇಕು. ತಲೆಬರಹಗಳು ಇದನ್ನು ಹೇಳುವುದಿಲ್ಲ.

ಯಾದಗಿರಿಯ ಬೇಸಿಗೆಯಲ್ಲಿ ಲೆಕ್ಕ ತಪ್ಪಲು ಇನ್ನೊಂದು ಕಾರಣವುಂಟು. ಬಿಸಿಲಿಗೆ ಇನ್ಸುಲಿನ್ ಕೆಡುತ್ತದೆ. ಫ್ರಿಜ್ ಇಲ್ಲದ ಮನೆಯಲ್ಲಿ ದೊಡ್ಡ ಮಣ್ಣಿನ ಮಡಕೆಯಲ್ಲಿ ಒದ್ದೆ ಉಸುಕು ತುಂಬಿ, ಅದರೊಳಗಿನ ಚಿಕ್ಕ ಮಡಕೆಯಲ್ಲಿ ಬಳಕೆಯ ಸೀಸೆ ಇಡುವುದು ಒಳ್ಳೆಯ ಉಪಾಯ.

ಶ್ರಾವಣ ಕಳೆದರೆ ಮುಂದೆ ಎಳ್ಳ ಅಮಾವಾಸ್ಯೆ. ಹೊಲದಲ್ಲಿ ಚರಗ ಚೆಲ್ಲಿ, ಸಜ್ಜೆ ಕಡಬು, ಭಜ್ಜಿ, ಶೇಂಗಾ ಹೋಳಿಗೆ. ಹಿಂದಿನ ರಾತ್ರಿಯ ಸೂಜಿ ಎಂದಿನಷ್ಟೇ ಇರಲಿ. ಬದಲಾಗಬೇಕಾದದ್ದು ಮಧ್ಯಾಹ್ನದ್ದು. 50 ಗ್ರಾಂ ಹಿಟ್ಟಿನ ಒಂದು ಜೋಳದ ರೊಟ್ಟಿಯಲ್ಲಿ ಸುಮಾರು 34 ಗ್ರಾಂ ಪಿಷ್ಟವಿದೆ. ಕಡಬು, ಹೋಳಿಗೆಯದನ್ನೂ ಹೀಗೆ ಕೂಡಿಸಿ, ಎಷ್ಟು ಗ್ರಾಮಿಗೆ ಒಂದು ಯೂನಿಟ್ ಎಂದು ವೈದ್ಯರು ಮಗಳಿಗೆ ಹೇಳಿರುವ ಲೆಕ್ಕದಿಂದ ಭಾಗಿಸಬೇಕು. ಉಂಡ ಮೇಲೆ ಬದುವಿನ ಮೇಲೆ ಓಡಾಟ ಇದ್ದೇ ಇರುತ್ತದೆ, ಅದೂ ಸಕ್ಕರೆ ಇಳಿಸುತ್ತದೆ. ಬುತ್ತಿಯ ಜೊತೆ ಮೂರು ಚಮಚ ಸಕ್ಕರೆಯ ಪೊಟ್ಟಣವೊಂದು ಅವಳ ಕೈಚೀಲದಲ್ಲಿರಲಿ.