ತಿರುಗುವ ತಾಟಿನ ಮೇಲೆ ಎಣ್ಣೆಯ ಲೆಕ್ಕ

ಅಕ್ಕಲಕೋಟೆಯಲ್ಲಿ ನಮ್ಮ ಭಾವನವರದು ಎಣ್ಣೆ, ಕಿರಾಣಿ ವ್ಯಾಪಾರ. ಅವರ ಮಗಳು ಕನ್ನಡ ಶಾಲೆಯಲ್ಲಿ ಓದಿ, ಈಗ ಗಣಿತದಲ್ಲಿ ಎಂ.ಎಸ್ಸಿ. ಮುಗಿಸಿದ್ದಾಳೆ. ಪಿಎಚ್.ಡಿ. ಮಾಡುತ್ತೇನೆಂದಾಗ ಮನೆಯಲ್ಲಿ ತಕರಾರು ಎದ್ದಿತು.

"ತಿರುಗೋ ತಾಟಿನ ಮ್ಯಾಲೆ ನ್ಯಾನೊ ದ್ರವ ಹ್ಯಾಂಗ ಹರೀತದ ಅಂತ ನಾಲ್ಕೈದು ವರ್ಷ ಲೆಕ್ಕ ಮಾಡ್ತಾಳಂತ. ಇದರಾಗ ಹೊಟ್ಟಿ ತುಂಬ್ತದೇನಪಾ? ನೀನಾರ ಹೇಳು" ಎಂದು ಭಾವ ನನ್ನನ್ನು ಕರೆಸಿದರು. ಬುದ್ಧಿ ಹೇಳಲು ಹೋದ ನಾನೇ ಪಾಠ ಕೇಳಿಸಿಕೊಂಡು ಬಂದೆ.

"ಮಾಮಾ, ಕುಂಬಾರರ ತಿಗರಿ ನೋಡೀರಲ್ಲ?" ಎಂದು ಶುರುಮಾಡಿದಳು. ತಿರುಗುವ ತಾಟಿನ ನಡುವೆ ಎಣ್ಣೆ ಹೊಯ್ದರೆ ಅದು ಅಂಚಿಗೆ ಹರಿದು ಸಿಡಿಯುತ್ತದೆ. ಆದರೆ ಪೂರ್ತಿ ಹೋಗುವುದಿಲ್ಲ. ಪದರು ತೆಳುವಾದಷ್ಟೂ ಎಣ್ಣೆಯ ಸ್ನಿಗ್ಧತೆ, ಅಂದರೆ ಅಂಟು, ಅದನ್ನು ಬಿಗಿಯಾಗಿ ಹಿಡಿಯುತ್ತದೆ. ಈ ಎಳೆದಾಟವನ್ನು 1958ರಲ್ಲಿ ಎಮ್ಸ್ಲಿ, ಬಾನರ್, ಪೆಕ್ ಎಂಬ ಮೂವರು ಸಮೀಕರಣಕ್ಕೆ ತಂದರು.

ಅದರ ಫಲ ವ್ಯಾಪಾರಿಗೂ ತಿಳಿಯುವಂಥದ್ದು. ವೇಗ ಇಮ್ಮಡಿಯಾದರೆ ಕೊನೆಗೆ ಉಳಿಯುವ ಪದರು ಅರ್ಧ. ಸಮಯದಿಂದಲೇ ಅರ್ಧ ಮಾಡಬೇಕೆಂದರೆ ನಾಲ್ಕು ಪಟ್ಟು ಹೊತ್ತು ತಿರುಗಿಸಬೇಕು. ಮೊದಲು ಹೊಯ್ದದ್ದು ಒಂದು ಬಟ್ಟಲೋ ಎರಡು ಬಟ್ಟಲೋ, ಉಳಿಯುವ ದಪ್ಪ ಹೆಚ್ಚುಕಡಿಮೆ ಒಂದೇ! ಶೇಂಗಾ ಎಣ್ಣೆಯನ್ನು ನಿಮಿಷಕ್ಕೆ 3000 ಸುತ್ತಿನಂತೆ ಅರ್ಧ ನಿಮಿಷ ತಿರುಗಿಸಿದರೆ ಉಳಿಯುವುದು ಸುಮಾರು 4 ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲಿ 4 ಪಾಲು. ಕಂಪ್ಯೂಟರ್ ಚಿಪ್ ಮಾಡುವ ಸಿಲಿಕಾನ್ ಬಿಲ್ಲೆಗಳಿಗೆ ಬೆಳಕಿಗೆ ಸ್ಪಂದಿಸುವ ಲೇಪ ಹಚ್ಚುವುದು ಹೀಗೆಯೇ.

ಇನ್ನು ನ್ಯಾನೊ ದ್ರವ. ಲೋಹದ ಅಥವಾ ಅದರ ಆಕ್ಸೈಡಿನ ಅತಿ ಸಣ್ಣ ಕಣ ಬೆರೆಸಿದ ದ್ರವಕ್ಕೆ ಈ ಹೆಸರು ಕೊಟ್ಟವರು ಅಮೆರಿಕದ ಆರ್ಗಾನ್ ಪ್ರಯೋಗಾಲಯದ ಸ್ಟೀಫನ್ ಚೋಯ್, 1995ರಲ್ಲಿ. ಕಣ ಬೆರೆತರೆ ದ್ರವ ಹೆಚ್ಚು ಶಾಖ ಸಾಗಿಸುತ್ತದೆ, ಜೊತೆಗೆ ಅಂಟೂ ಏರುತ್ತದೆ. ಐನ್‌ಸ್ಟೈನ್ ಸೂತ್ರದಂತೆ ನೂರು ಪಾಲಿಗೆ 2 ಪಾಲು ಕಣವಿದ್ದರೆ ಅಂಟು ಶೇ. 5ರಷ್ಟು ಹೆಚ್ಚು. ಲಾಭ, ಖರ್ಚು ಎರಡನ್ನೂ ಒಂದೇ ಖಾತೆಯಲ್ಲಿ ಬರೆಯಬೇಕು.

"ಇನ್ನೊಂದು ಮಾತದ" ಎಂದಳು. ಕಣ ಬೆರೆತರೆ ಶಾಖ ವಾಹಕತೆ ಪವಾಡದಂತೆ ಏರುತ್ತದೆಂದು ಹಲವರು ಬರೆದಿದ್ದರು. ಮೂವತ್ತಕ್ಕೂ ಹೆಚ್ಚು ಸಂಸ್ಥೆಗಳು ಒಂದೇ ಬಗೆಯ ಮಾದರಿಗಳನ್ನು ಅಳೆದು 2009ರಲ್ಲಿ ವರದಿ ಕೊಟ್ಟವು. ಆ ಮಾದರಿಗಳಲ್ಲಿ ಪವಾಡವೇನೂ ಕಾಣಲಿಲ್ಲ. ಹಳೆಯ ಸಿದ್ಧಾಂತವೇ ಸರಿಹೋಯಿತು.

ಭಾವ ತಲೆ ಎತ್ತಿದರು. "ಅಂದ್ರ ವಹಿಯೊಳಗಿನ ಲೆಕ್ಕ ತಕ್ಕಡಿಗೂ ಹೊಂದಬೇಕು ಅಂದಂಗಾತು."

"ಹೌದಪ್ಪಾ, ನಾ ಮಾಡಾಕ ಹೊಂಟಿದ್ದು ಅದನ್ನ."

ಇಂಥ ಕೆಲಸ ನಮಗೆ ದೂರದ್ದೇನಲ್ಲ. ರೈಲು ಹತ್ತಿದರೆ ಸಿಗುವ ಕಲಬುರಗಿಯಲ್ಲೇ, ಗುಲ್ಬರ್ಗಾ ವಿಶ್ವವಿದ್ಯಾಲಯದ ಎಂ. ಸುಭಾಸ್ ಅಬೆಲ್ ಮತ್ತು ಸಂಗಡಿಗರು ಹಿಗ್ಗುವ ಹಾಳೆಯ ಮೇಲಿನ ತೆಳು ದ್ರವಪದರಿನ ಶಾಖದ ಬಗ್ಗೆ 2009ರಲ್ಲಿ ಪ್ರಬಂಧ ಪ್ರಕಟಿಸಿದ್ದಾರೆ.

ಆಕೆ ಪ್ರಬಂಧ ಬರೆಯುವುದು ಇಂಗ್ಲಿಷಿನಲ್ಲೇ, ನಿಜ. ಆದರೆ ಅಪ್ಪನಿಗೆ ತಿಳಿದದ್ದು ಪದರು, ಅಂಟು, ತಕ್ಕಡಿ ಎಂಬ ಮಾತುಗಳಿಂದ. ಗಡಿಯಾಚೆಯ ನಮ್ಮ ಕನ್ನಡ ಶಾಲೆಯಲ್ಲಿ ಓದಿದವರಿಗೆ ಮುಂದೇನು ಎಂದು ಕೇಳುವವರು ಈ ಹುಡುಗಿಯನ್ನೊಮ್ಮೆ ಮಾತನಾಡಿಸಲಿ.

ನಾನು ಹೊರಡುವಾಗ ಭಾವ ಗಲ್ಲೆಯ ಕೀಲಿ ತೆಗೆಯುತ್ತಿದ್ದರು. "ಅರ್ಜಿ ಫೀ ಎಷ್ಟವಾ?" ಎಂದು ಮಗಳನ್ನು ಕೇಳಿದ್ದು ಬಾಗಿಲವರೆಗೂ ಕೇಳಿಸಿತು.