ಅತ್ತಿಹಣ್ಣು ಬಿಡಿಸಿ ನೋಡಿದಾಗ

ಅತ್ತಿಹಣ್ಣು ಹೊರಗೆ ಚೆಂದ, ಬಿಡಿಸಿದರೆ ಹುಳ ಎಂಬ ಮಾತು ನಮ್ಮಲ್ಲಿದೆ. ಮೇಲಿನ ಥಳುಕಿಗೆ ಮರುಳಾಗಬೇಡಿ ಎಂಬುದು ಅದರ ತಾತ್ಪರ್ಯ. ಆದರೆ ನಿಸರ್ಗ ನಡಿಗೆಗೆ ಹೊರಟ ಮಕ್ಕಳಿಗೆ ಮರದಡಿ ಬಿದ್ದ ಆ ಹಣ್ಣನ್ನು ಬಿಡಿಸಿ ತೋರಿಸುವುದೇ ಒಂದು ಒಳ್ಳೆಯ ಪಾಠ.

ಅತ್ತಿಯ ಹೂವನ್ನು ಕಂಡವರಿಲ್ಲ ಎನ್ನುತ್ತಾರೆ. ಹೂಗಳಿರುವುದು ಕಾಯಿಯ ಒಳಗೆ! ಗುಂಡುಸೂಜಿಯ ತಲೆಗಿಂತ ತುಸು ದೊಡ್ಡದಾದ ಹೆಣ್ಣು ಕಣಜವೊಂದು ಕಾಯಿಯ ತುದಿಯ ಕಿರುರಂಧ್ರದಿಂದ ಒಳಗೆ ನುಸುಳುತ್ತದೆ. ಆ ಇಕ್ಕಟ್ಟಿನಲ್ಲಿ ರೆಕ್ಕೆಗಳು ಮುರಿದುಹೋಗುತ್ತವೆ. ತಾನು ತಂದ ಪರಾಗವನ್ನು ಹೂಗಳಿಗೆ ಮುಟ್ಟಿಸಿ, ಮೊಟ್ಟೆಯಿಟ್ಟು ಅಲ್ಲೇ ಸಾಯುತ್ತದೆ. ಮರಿಗಳಲ್ಲಿ ಗಂಡಿಗೆ ರೆಕ್ಕೆಯೇ ಇಲ್ಲ. ಅವು ಹೊರದಾರಿ ಕೊರೆದುಕೊಟ್ಟು ಮಡಿಯುತ್ತವೆ. ಹೆಣ್ಣುಗಳು ಪರಾಗ ಹೊತ್ತು ಇನ್ನೊಂದು ಮರಕ್ಕೆ ಹಾರುತ್ತವೆ. ಈ ಕಣಜವಿಲ್ಲದೆ ಅತ್ತಿಯಲ್ಲಿ ಬೀಜ ಕಟ್ಟದು. ಅತ್ತಿಯಿಲ್ಲದೆ ಕಣಜದ ಸಂತತಿ ಉಳಿಯದು. ಇದನ್ನು ತಿಳಿದ ಮಗು ಹುಳ ಕಂಡು ಮುಖ ಸಿಂಡರಿಸುವ ಮೊದಲು ಒಂದು ಕ್ಷಣ ಯೋಚಿಸುತ್ತದೆ.

ಬೆಂಗಳೂರಿನ ಲಾಲ್‌ಬಾಗ್ ಇಂಥ ನಡಿಗೆಗೆ ಹೇಳಿಮಾಡಿಸಿದ ಜಾಗ. ಹೈದರಾಲಿ 1760ರಲ್ಲಿ ಆರಂಭಿಸಿದ ಈ ತೋಟದ ವಿಸ್ತೀರ್ಣ ಸುಮಾರು 240 ಎಕರೆ. ಕೆಂಪೇಗೌಡ ಗೋಪುರ ನಿಂತಿರುವ ಅಲ್ಲಿನ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಅದೊಂದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಬಂಡೆಗಳ ಮೇಲೆ ಬೂದು ಮಚ್ಚೆಗಳಂತೆ ಹಬ್ಬುವುದು ಕಲ್ಲುಹೂವು. ಅಡುಗೆಮನೆಯ ಮಸಾಲೆ ಡಬ್ಬಿಯಲ್ಲಿರುವುದು ಇದರ ಬಳಗದ್ದೇ. ಹೆಸರಿನಲ್ಲಿ ಹೂವಿದ್ದರೂ ಇದು ಹೂವಲ್ಲ. ಶಿಲೀಂಧ್ರ ಮತ್ತು ಪಾಚಿ ಕೂಡಿ ನಡೆಸುವ ಸಂಸಾರ. ಮನೆಗೂ ಬಂಡೆಗೂ ಇರುವ ಈ ನಂಟನ್ನು ತೋರಿಸಲು ಪಕ್ಕದಲ್ಲೊಬ್ಬ ಬಲ್ಲವರು ಬೇಕು.

ಬಲ್ಲವರ ಮಾತಿಗೆ ಎಷ್ಟು ಬೆಲೆಯಿದೆ ಎಂಬುದಕ್ಕೆ ಸಲೀಂ ಅಲಿಯವರ ಬಾಲ್ಯವೇ ಸಾಕ್ಷಿ. 1896ರಲ್ಲಿ ಜನಿಸಿದ ಅವರು ಹುಡುಗನಾಗಿದ್ದಾಗ ಏರ್‌ಗನ್ನಿನಿಂದ ಗುಬ್ಬಚ್ಚಿಯೊಂದನ್ನು ಹೊಡೆದು ಉರುಳಿಸಿದರು. ಅದರ ಕತ್ತಿನಲ್ಲಿ ಹಳದಿ ಗುರುತಿತ್ತು. ಇದೇನೆಂದು ಕೇಳಲು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಹೋದಾಗ ಕಾರ್ಯದರ್ಶಿ ಮಿಲ್ಲಾರ್ಡ್ ಬೈದು ಕಳುಹಿಸಲಿಲ್ಲ. ಹಕ್ಕಿಯ ಹೆಸರು ಹೇಳಿದ್ದಲ್ಲದೆ ಸಂಗ್ರಹದಲ್ಲಿದ್ದ ಹಕ್ಕಿಗಳನ್ನೂ ತೋರಿಸಿದರು. ಬೇಟೆಯ ಹುಚ್ಚಿದ್ದ ಹುಡುಗ ದೇಶದ ಹೆಸರಾಂತ ಪಕ್ಷಿತಜ್ಞನಾಗಲು ಆ ಭೇಟಿ ನಾಂದಿಯಾಯಿತು.

ಆದ್ದರಿಂದ ನಡಿಗೆಯೆಂದರೆ ಹೆಸರುಗಳ ಬಾಯಿಪಾಠವಲ್ಲ. ಎಷ್ಟು ಹಕ್ಕಿ ಕಂಡೆವೆಂಬ ಲೆಕ್ಕಕ್ಕಿಂತ ಒಂದೇ ಮರದ ಬಳಿ ಹತ್ತು ನಿಮಿಷ ನಿಲ್ಲುವುದು ಮೇಲು. ಮಾವಿನ ಎಲೆಗಳನ್ನು ಹೆಣೆದು ಗೂಡು ಕಟ್ಟುವ ಚಗಳಿ ಇರುವೆಗಳು ನೂಲನ್ನು ಎಲ್ಲಿಂದ ತರುತ್ತವೆ? ತಮ್ಮದೇ ಮರಿಹುಳುಗಳನ್ನು ಬಾಯಲ್ಲಿ ಹಿಡಿದು, ಅವು ಒಸರುವ ರೇಷ್ಮೆಯಿಂದ ಹೊಲಿಯುತ್ತವೆ. ಉತ್ತರವನ್ನು ಮೊದಲೇ ಹೇಳದೆ ಮಕ್ಕಳನ್ನೇ ಊಹಿಸಲು ಬಿಡುವವರು ಒಳ್ಳೆಯ ಮಾರ್ಗದರ್ಶಕರು. ಗುಂಪು ಚಿಕ್ಕದಿರಲಿ, ದನಿ ಮೆಲ್ಲಗಿರಲಿ; ಗೂಡು ಮುಟ್ಟದೆ, ಹೂ ಕೀಳದೆ ನೋಡುವುದೂ ಕಲಿಕೆಯೇ.

ರಸ್ತೆ ಅಗಲಿಸಲು ಅತ್ತಿಮರವೊಂದು ಉರುಳಿದರೆ ಹೋಗುವುದು ನೆರಳಷ್ಟೇ ಅಲ್ಲ. ಕಣಜಕ್ಕೆ ತೊಟ್ಟಿಲು, ಕುಟುರ ಹಕ್ಕಿಗೆ ಊಟ, ಬಾವಲಿಗೆ ರಾತ್ರಿಯ ಬುತ್ತಿ ಎಲ್ಲವೂ ಹೋಗುತ್ತವೆ. ಬಾಲ್ಯದಲ್ಲಿ ಒಮ್ಮೆ ಆ ಹಣ್ಣಿನೊಳಗೆ ಇಣುಕಿ ನೋಡಿದವರಿಗೆ ಈ ನಷ್ಟದ ಲೆಕ್ಕವನ್ನು ಬೇರೆಯವರು ಹೇಳಿಕೊಡಬೇಕಿಲ್ಲ.