ಓದು, ಡ್ಯೂಟಿ, ನಿದ್ದೆ: ಸ್ನಾತಕೋತ್ತರ ವೈದ್ಯಕೀಯ ವಿದ್ಯಾರ್ಥಿಗಳ ದಿನಚರಿಗೆ ಬೇಕು ಸಮತೋಲನ

"ಮಗಳು ಎಂ.ಡಿ.ಗೆ ಸೇರಿದ ಮೇಲೆ ಮನೆಗೂ ಬರುವುದಿಲ್ಲ, ಇಗರ್ಜಿಗೂ ಬರುವುದಿಲ್ಲ" ಎಂಬ ದೂರು ನಮ್ಮ ಧರ್ಮಕೇಂದ್ರಗಳಲ್ಲಿ ಹೊಸತಲ್ಲ. ಮಂಗಳೂರು, ದೇರಳಕಟ್ಟೆ, ಮಣಿಪಾಲದ ಆಸ್ಪತ್ರೆಗಳಲ್ಲಿ ಎಂ.ಡಿ., ಎಂ.ಎಸ್., ಎಂ.ಎಸ್ಸಿ. ನರ್ಸಿಂಗ್, ಫಿಸಿಯೋಥೆರಪಿ ಮೊದಲಾದ ಸ್ನಾತಕೋತ್ತರ ಶಿಕ್ಷಣ ಪಡೆಯುತ್ತಿರುವ ಯುವಜನರ ದಿನ ಹೇಗಿರುತ್ತದೆ ಎಂದು ತಿಳಿದರೆ ಈ ದೂರು ಕಾಳಜಿಯಾಗಿ ಬದಲಾದೀತು.

ಎಂ.ಡಿ., ಎಂ.ಎಸ್. ವಿದ್ಯಾರ್ಥಿಗಳು ಮೂರು ವರ್ಷ ಏಕಕಾಲಕ್ಕೆ ವಿದ್ಯಾರ್ಥಿಗಳೂ ಹೌದು, ಆಸ್ಪತ್ರೆಯ ರೆಸಿಡೆಂಟ್ ವೈದ್ಯರೂ ಹೌದು. ಬೆಳಿಗ್ಗೆ ವಾರ್ಡ್ ರೌಂಡ್ಸ್, ನಂತರ ಹೊರರೋಗಿ ವಿಭಾಗ ಅಥವಾ ಆಪರೇಷನ್ ಥಿಯೇಟರ್, ಸರದಿಯಂತೆ ರಾತ್ರಿ ಡ್ಯೂಟಿ. ಇದರ ನಡುವೆ ಸೆಮಿನಾರ್, ಪ್ರೌಢ ಪ್ರಬಂಧ, ಪರೀಕ್ಷೆಯ ಓದು.

ಸಮತೋಲನ ಎಂದರೇನು?

1922ರಲ್ಲಿ ಅಮೆರಿಕದ ಮನೋವೈದ್ಯ ಅಡಾಲ್ಫ್ ಮೇಯರ್ ಒಂದು ಲೇಖನದಲ್ಲಿ ಕೆಲಸ, ಆಟ, ವಿಶ್ರಾಂತಿ, ನಿದ್ದೆ ಈ ನಾಲ್ಕರ ಹದವೇ ಆರೋಗ್ಯಕ್ಕೆ ಆಧಾರ ಎಂದು ವಿವರಿಸಿದರು. ಆಕ್ಯುಪೇಷನಲ್ ಥೆರಪಿ ಎಂಬ ಚಿಕಿತ್ಸಾ ಶಾಖೆಯ ಬುನಾದಿಯಲ್ಲಿ ಈ ವಿಚಾರವಿದೆ. ನಾಲ್ಕಕ್ಕೂ ಸಮಾನ ಗಂಟೆ ಹಂಚಬೇಕೆಂದು ಇದರ ಅರ್ಥವಲ್ಲ; ಯಾವುದೊಂದೂ ಪೂರ್ತಿ ಬಿಟ್ಟುಹೋಗಬಾರದು ಎಂದು.

ಮೊದಲು ಕಡಿತವಾಗುವುದು ಸಾಮಾನ್ಯವಾಗಿ ನಿದ್ದೆ. ಇದರ ಪರಿಣಾಮವನ್ನು ಆಸ್ಟ್ರೇಲಿಯಾದ ಸಂಶೋಧಕರು 1997ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಸತತ 17 ಗಂಟೆ ಎಚ್ಚರವಿದ್ದವರ ಕಾರ್ಯಕ್ಷಮತೆ ರಕ್ತದಲ್ಲಿ ಶೇ. 0.05 ಮದ್ಯಸಾರ ಇರುವವರಷ್ಟು ಕುಗ್ಗಿತ್ತು. ನಮ್ಮ ದೇಶದಲ್ಲಿ ವಾಹನ ಚಾಲಕರಿಗೆ ಇರುವ ಮಿತಿ ಶೇ. 0.03. ಹಾಗಾದರೆ ರಾತ್ರಿಯಿಡೀ ಎಚ್ಚರವಿದ್ದು ಔಷಧದ ಪ್ರಮಾಣ ಬರೆಯುವ ಕೈಯ ಬಗ್ಗೆ ಏನು ಹೇಳೋಣ? ಇದು ವಿದ್ಯಾರ್ಥಿಯ ಸುಖದ ಪ್ರಶ್ನೆ ಮಾತ್ರವಲ್ಲ, ರೋಗಿಯ ಜೀವದ ಪ್ರಶ್ನೆ.

ನಿಯಮ ಏನಿದೆ?

1992ರ ಕೇಂದ್ರ ಸರಕಾರದ ರೆಸಿಡೆನ್ಸಿ ನಿರ್ದೇಶನದ ಪ್ರಕಾರ ಸತತ ಡ್ಯೂಟಿ ಸಾಮಾನ್ಯವಾಗಿ 12 ಗಂಟೆ ಮೀರಬಾರದು. ರಾಷ್ಟ್ರೀಯ ವೈದ್ಯಕೀಯ ಆಯೋಗದ 2023ರ ನಿಯಮಾವಳಿ ‘ಸಮಂಜಸ’ ಕೆಲಸದ ಅವಧಿ, ವಿಶ್ರಾಂತಿ, ವಾರದ ರಜೆ ಮತ್ತು ವರ್ಷಕ್ಕೆ 20 ದಿನಗಳ ಸಾಂದರ್ಭಿಕ ರಜೆಯನ್ನು ಹೇಳುತ್ತದೆ. ಆದರೆ ವಾರದ ರಜೆಗೆ ‘ಕೆಲಸದ ಅಗತ್ಯಕ್ಕೆ ಒಳಪಟ್ಟು’ ಎಂಬ ಷರತ್ತೂ ಇದೆ. ಆಯೋಗದ ಕಾರ್ಯಪಡೆ 2024ರಲ್ಲಿ ವಾರಕ್ಕೆ 74 ಗಂಟೆ ಮೀರದ ಕೆಲಸ, ಒಂದು ದಿನ ರಜೆ ಮತ್ತು ದಿನಕ್ಕೆ 7–8 ಗಂಟೆ ನಿದ್ದೆ ಇರಬೇಕೆಂದು ಶಿಫಾರಸು ಮಾಡಿತು.

ವಿದ್ಯಾರ್ಥಿಗಳು ಏನು ಮಾಡಬಹುದು?

* ರಾತ್ರಿ ಡ್ಯೂಟಿ ಮುಗಿದೊಡನೆ ಬೈಕ್ ಏರಿ ಊರಿಗೆ ಹೊರಡಬೇಡಿ. ಮೊದಲು ನಿದ್ದೆ ಮಾಡಿ.
* ಪ್ರಬಂಧದ ಕೆಲಸವನ್ನು ಕೊನೆಯ ತಿಂಗಳಿಗೆ ಇಡದೆ ವಾರಕ್ಕಿಷ್ಟು ಎಂದು ಮುಗಿಸಿ.
* ಹಾಡು, ಆಟ, ನಡಿಗೆ, ಪ್ರಾರ್ಥನೆ: ವೃತ್ತಿಗೆ ಸಂಬಂಧಿಸದ ಒಂದನ್ನಾದರೂ ಉಳಿಸಿಕೊಳ್ಳಿ.

ಮನೆಯವರು, ಧರ್ಮಕೇಂದ್ರ ಏನು ಮಾಡಬಹುದು?

ಡ್ಯೂಟಿಯ ಪಟ್ಟಿ ಕೇಳಿಟ್ಟುಕೊಂಡು ಅವರು ಮಲಗುವ ಹೊತ್ತು ಬಿಟ್ಟು ಫೋನ್ ಮಾಡಿ. ವಾರಕ್ಕೆ ಸಿಗುವ ಒಂದೇ ರಜೆಯನ್ನು ರೋಸ್, ಮದುವೆ, ನೆಂಟರ ಮನೆಗಳಿಂದ ತುಂಬಿಸಬೇಡಿ. ಯುವ ವೈದ್ಯರು ಬಂದರೆಂದು ಬಲಿಪೂಜೆಯ ನಂತರ ರಕ್ತಪರೀಕ್ಷೆಯ ವರದಿ ಹಿಡಿದು ಸುತ್ತುವರಿಯಬೇಡಿ. ಧರ್ಮಕೇಂದ್ರದ ವೈದ್ಯಕೀಯ ಶಿಬಿರಕ್ಕೆ ಕರೆಯುವಾಗ, "ಈ ವಾರ ಆಗುವುದಿಲ್ಲ" ಎನ್ನಲು ಅವರಿಗೆ ಅವಕಾಶ ಕೊಡಿ. ವಾರ್ಡಿನ ಗುರಿಕಾರರು ಗೈರುಹಾಜರಿ ಲೆಕ್ಕ ಹಾಕುವ ಬದಲು "ಊಟ ಆಯಿತೇ, ನಿದ್ದೆ ಆಯಿತೇ?" ಎಂದು ವಿಚಾರಿಸಲಿ.

ನಿದ್ದೆ ಬಾರದಿರುವುದು, ಮೊದಲು ಇಷ್ಟವಿದ್ದುದರಲ್ಲಿ ಆಸಕ್ತಿ ಹೋಗುವುದು, "ಬದುಕಿ ಏನು ಪ್ರಯೋಜನ" ಎಂಬ ಮಾತು ಇವುಗಳನ್ನು ಸುಸ್ತು ಎಂದು ತಳ್ಳಿಹಾಕಬಾರದು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ನಮ್ಮ ಕಾಯಿಲೆಯನ್ನು ನೋಡಿಕೊಳ್ಳಲು ಕಲಿಯುತ್ತಿರುವವರ ಆರೋಗ್ಯವನ್ನು ನೋಡಿಕೊಳ್ಳುವ ಹೊಣೆ ನಮ್ಮ ಮೇಲೂ ಇದೆ.